ಬೀಳು ಬಿಟ್ಟ ಕೈ

ಕುದಿಯುವ ನೀರಿಗೆ ಕೈ ಹಾಕುವುದನ್ನು ಸಣ್ಣತಾಯಮ್ಮನಿಗೆ ಕಲಿಸಿದವಳು ಅವಳ ಅತ್ತೆ. ಮದುವೆಯಾಗಿ ಬದನಗುಪ್ಪೆಯ ಕೇರಿಗೆ ಬಂದ ಹೊಸದು. ಅತ್ತೆ ಅವಳ ಮುಂಗೈ ಹಿಡಿದು ಬಾಣಲೆಗೆ ಅದ್ದಿದಳು. ಹುಡುಗಿ ಕಿರುಚಿಕೊಂಡಳು. ಅತ್ತೆ ಬಿಡಲಿಲ್ಲ.

"ಮೊದಮೊದಲು ಉರೀತದೆ. ಆಮ್ಯಾಕೆ ಕೈ ಸತ್ತೋಯ್ತದೆ. ಸತ್ತ ಮ್ಯಾಲೆ ನೋವಿಲ್ಲ ಕಣಮ್ಮಿ" ಅಂದಳು.

ಅತ್ತೆ ಹೇಳಿದ್ದು ಸುಳ್ಳು. ಅತ್ತೆ ಸತ್ತಳು, ಕೈ ಸಾಯಲಿಲ್ಲ. ವರ್ಷಗಳು ಕಳೆದರೂ ದಿನಾ ಬೆಳಿಗ್ಗೆ ಮೊದಲ ಸಲ ಅದ್ದುವಾಗ ಸಣ್ಣತಾಯಮ್ಮ ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿಯುತ್ತಿದ್ದಳು.

ಅದು ವೃಷಭೇಂದ್ರಪ್ಪನವರ ನೂಲು ಬಿಚ್ಚುವ ಮನೆ. ಊರಾಚೆ, ರೈಲು ಕಂಬಿಯ ಪಕ್ಕ. ತಗಡಿನ ಸೂರು. ಒಂದೇ ಬಾಗಿಲು. ಗಾಳಿ ಬಂದರೆ ಎಳೆ ಹರಿಯುತ್ತದೆ ಎಂದು ಕಿಟಕಿ ಇಟ್ಟಿರಲಿಲ್ಲ. ಒಳಗೆ ಸಾಲಾಗಿ ಮಣ್ಣಿನ ಒಲೆಗಳು, ಒಲೆಯ ಮೇಲೆ ಬಾಣಲೆಗಳು, ಬಾಣಲೆಯಲ್ಲಿ ಕುದಿಯುವ ನೀರು, ನೀರಿನಲ್ಲಿ ರೇಷ್ಮೆಗೂಡು. ಗೂಡು ಬೇಯಬೇಕು. ಬೆಂದ ಗೂಡನ್ನು ಬರಿಗೈಯಲ್ಲಿ ತಡಕಿ, ಎಳೆಯ ತುದಿ ಹಿಡಿದು, ನಾಲ್ಕಾರು ಎಳೆ ಒಟ್ಟು ಸೇರಿಸಿ ಚರಕಕ್ಕೆ ಕೊಡಬೇಕು. ಒಬ್ಬಳು ಚರಕ ತಿರುಗಿಸುತ್ತಿದ್ದಳು. ಒಬ್ಬಳು ಬಾಣಲೆಯ ಮುಂದೆ ಕುಕ್ಕರುಗಾಲಲ್ಲಿ ಕೂರುತ್ತಿದ್ದಳು. ಎಳೆಯೆಲ್ಲ ಬಿಚ್ಚಿ ಮುಗಿದ ಮೇಲೆ ಸತ್ತ ಹುಳು ಉಳಿಯುತ್ತಿತ್ತು. ಅದರ ನಾತ ಸೀರೆಗೆ, ತಲೆಗೂದಲಿಗೆ, ಎಳೆಗೂಸಿನ ಬಾಯಿಗೆ ಹತ್ತುತ್ತಿತ್ತು.

ಆ ನೂಲು ಮಗ್ಗಕ್ಕೆ ಹೋಗಿ ಸೀರೆಯಾಗುತ್ತಿತ್ತು. ಪೂಜೆಗೆ ಕೂರುವವರು ಉಡುವ ಮಡಿಯಾಗುತ್ತಿತ್ತು. ಅದನ್ನು ಬಿಚ್ಚಿದವಳಿಗೆ ಬಾಯಾರಿದರೆ ಹಿತ್ತಿಲಲ್ಲಿ ಬೊಗಸೆಯೊಡ್ಡಿ ಕೂರಬೇಕು. ಮೇಲಿನಿಂದ ನೀರು ಹೊಯ್ಯುತ್ತಿದ್ದರು. ಸಣ್ಣತಾಯಮ್ಮನ ಬೊಗಸೆಯಲ್ಲಿ ನೀರು ನಿಲ್ಲುತ್ತಿರಲಿಲ್ಲ. ಬೆರಳ ಸಂದಿಗಳು ಬೆಳ್ಳಗೆ ಬೆಂದು, ಒಡೆದು, ಕೀವು ಕಟ್ಟಿ, ಒಂದಕ್ಕೊಂದು ಕೂಡುತ್ತಿರಲಿಲ್ಲ. ನೀರೆಲ್ಲ ಮೊಣಕೈಯಿಂದ ಇಳಿದು ನೆಲಕ್ಕೆ ಹೋಗುತ್ತಿತ್ತು.

ಮನೆಯಲ್ಲಿ ಮುದ್ದೆಗೆ ರಾಗಿ ಹಿಟ್ಟು ತಿರುವುತ್ತಿದ್ದವನು ಗಂಡ ಮಾದಣ್ಣ. ಅವಳಿಂದ ಕೋಲು ಹಿಡಿಯಲು ಆಗುತ್ತಿರಲಿಲ್ಲ. ಉಣ್ಣಲೂ ಆಗುತ್ತಿರಲಿಲ್ಲ. ಉಪ್ಪುಖಾರದ ಸಾರಿಗೆ ಬೆರಳು ತಾಗಿದರೆ ಪ್ರಾಣ ಹೋದಂತಾಗುತ್ತಿತ್ತು. ಮಾದಣ್ಣ ಹಿಟ್ಟನ್ನು ಮುರಿದು ತಟ್ಟೆಗೆ ಹಾಕುವನು. ಅವಳು ಗೋಡೆಗೆ ಮುಖ ಮಾಡಿ ಕೂತು, ತಟ್ಟೆಗೆ ಬಗ್ಗಿ, ಬಾಯಲ್ಲೇ ಕಚ್ಚಿ ಉಣ್ಣುವಳು. ಮಕ್ಕಳು ನೋಡಬಾರದು ಅಂತ ಗೋಡೆಗೆ ಮುಖ. ಮಕ್ಕಳು ನೋಡುತ್ತಿದ್ದವು.

ಎರಡನೇ ಚುನಾವಣೆ ಮುಗಿದ ವರ್ಷ ರೇಷ್ಮೆ ಇಲಾಖೆಯ ಒಬ್ಬ ಇನ್ಸ್‌ಪೆಕ್ಟರ್ ಬಂದ. ಗುರುಪಾದಸ್ವಾಮಿ ಅಂತ ಹೆಸರು. ಸಣ್ಣ ವಯಸ್ಸು, ಖಾಕಿ ಚಡ್ಡಿ, ಸೈಕಲ್ಲು. ಹೇಳದೆ ಕೇಳದೆ ಬಂದು ಬಾಗಿಲಲ್ಲಿ ನಿಂತ. ಹೊಗೆಗೆ ಕಣ್ಣು ಒರೆಸಿಕೊಂಡ. ಆಮೇಲೆ ಒಳಗೆ ಬಂದು ಸಣ್ಣತಾಯಮ್ಮನ ಬಾಣಲೆಯ ಮುಂದೆ ಕೂತು ಒಂದು ಬೆರಳು ಅದ್ದಿದ. ಚಕ್ಕನೆ ಹಿಂದಕ್ಕೆಳೆದು ಬಾಯಿಗಿಟ್ಟುಕೊಂಡ. ಹೆಂಗಸರು ನಕ್ಕುಬಿಟ್ಟರು.

ಅವನು ನಗಲಿಲ್ಲ. "ಕೈ ತೋರಿಸಿಯಮ್ಮಾ" ಅಂದ.

ಸಣ್ಣತಾಯಮ್ಮ ಸೆರಗಿನೊಳಗೆ ಬಚ್ಚಿಟ್ಟುಕೊಂಡಳು. ಪಕ್ಕದ ಬಾಣಲೆಯ ಚಿಕ್ಕಮಾದಮ್ಮ ತೋರಿಸಿದಳು. ಚಿಕ್ಕಮಾದಮ್ಮ ವಯಸ್ಸಾದವಳು, ಗಂಡ ಸತ್ತವಳು, ಮಕ್ಕಳಿಲ್ಲದವಳು. ನಾಚಿಕೆ ಅನ್ನುವುದನ್ನು ಎಂದೋ ಬಿಟ್ಟಿದ್ದಳು. "ನೋಡ್ಕಳಪ್ಪ. ಇದ ಕೈ ಅಂತಾರಾ?" ಅಂದಳು.

ಗುರುಪಾದಸ್ವಾಮಿ ಹೊರಗೆ ಹೋಗಿ ಸ್ವಲ್ಪ ಹೊತ್ತು ರೈಲು ಕಂಬಿ ನೋಡಿಕೊಂಡು ನಿಂತ. ಮತ್ತೆ ಬಂದು ಹೇಳಿದ. ಸರ್ಕಾರ ಹೊಸ ಕಾನೂನು ತರುತ್ತಿದೆ. ಗೂಡು ಬೇಯಿಸುವುದಕ್ಕೆ ಒಂದು ಬಾಣಲೆ, ಬಿಚ್ಚುವುದಕ್ಕೆ ಉಗುರುಬೆಚ್ಚಗಿನ ನೀರಿನ ಇನ್ನೊಂದು ಬಾಣಲೆ. ಗೂಡು ಎತ್ತಿ ಹಾಕುವುದಕ್ಕೆ ತೂತಿನ ಸೌಟು. ಸೂರಿಗೆ ಹೊಗೆಗೂಡು, ಗೋಡೆಗೆ ಕಿಟಕಿ. ಬೆಂಗಳೂರಿಂದ ವಿಚಾರಣೆ ಮಾಡುವ ಸಮಿತಿ ಚಾಮರಾಜನಗರಕ್ಕೆ ಬರುತ್ತದೆ. ಕೆಲಸದವರನ್ನೂ ಕೇಳುತ್ತಾರೆ.

"ನಮ್ಮನ್ನ ಕೇಳಾರಾ?" ಅಂದಳು ಚಿಕ್ಕಮಾದಮ್ಮ.

"ಕೇಳಲೇಬೇಕು. ನಾನೇ ಬರೆದು ಹಾಕಿದೀನಿ."

ಅವನು ಸೈಕಲ್ಲು ಹತ್ತಿ ಹೋದ. ಸಂಜೆಯಾಗುವುದರೊಳಗೆ ಸುದ್ದಿ ವೃಷಭೇಂದ್ರಪ್ಪನವರಿಗೆ ಮುಟ್ಟಿತು.

ವೃಷಭೇಂದ್ರಪ್ಪ ಕೂಗಾಡುವ ಮನುಷ್ಯನಲ್ಲ. ಬೆಳ್ಳಗಿನ ಪಂಚೆ, ಹಣೆಯ ತುಂಬ ವಿಭೂತಿ, ಮೆಲ್ಲಗಿನ ಮಾತು. ಸೀಮೆಯ ನೂಲು ಮಾಲೀಕರ ಸಂಘಕ್ಕೆ ಅವರೇ ಅಧ್ಯಕ್ಷರು. ಚಾಮರಾಜನಗರದ ಪೇಟೆಯಲ್ಲಿ ಸಂಘಕ್ಕೊಂದು ಮಹಡಿ ಮನೆ ಇತ್ತು. ಅಲ್ಲಿ ಸಭೆ ಸೇರಿತು. ಸಭೆಯಲ್ಲಿ ಏನಾಯಿತೋ ಕೇರಿಗೆ ತಿಳಿಯಲಿಲ್ಲ. ತಿಳಿದದ್ದು ಇಷ್ಟೆ: ಮಾದಣ್ಣನನ್ನು ಕರೆದರು. ಬೆಂಗಳೂರಿಗೆ ಹೋಗಬೇಕು, ಮೂಟೆ ಹೊರುವುದಕ್ಕೆ ಆಳು ಬೇಕು ಅಂದರು. ಮಾದಣ್ಣ ಅವರ ಮನೆಯ ಜೀತದವನು. ಅವನ ಅಪ್ಪನೂ ಅಲ್ಲೇ ಸತ್ತವನು. ಹೋಗುವುದಿಲ್ಲ ಅನ್ನುವ ಮಾತೇ ಇರಲಿಲ್ಲ.

ವಾರ ತುಂಬುವುದರೊಳಗೆ ಮಾದಣ್ಣ ಬಂದ. ಬಂದವನು ಜಗಲಿಯ ಮೇಲೆ ಕೂತು ಕಾಲು ನೀವಿಕೊಂಡ.

"ಏನಿತ್ತು ಮೂಟೇಲಿ?" ಸಣ್ಣತಾಯಮ್ಮ ಕೇಳಿದಳು.

"ರೇಸ್ಮೆ. ಸೀರೆ, ಸಲ್ಲೆ, ಪಂಚೆ. ನೀವು ಬಿಚ್ಚಿದ್ದೇಯಾ."

"ಯಾರ್ಗೆ?"

"ಯಾರೋ ದೊಡ್ಡ ಮನುಸ್ರು. ಬಂಗ್ಲೆ ಅಂದ್ರೆ ಬಂಗ್ಲೆ ಕಣಮ್ಮಿ. ನನ್ನ ಗಿಡದ ಬುಡದಲ್ಲಿ ಕೂರ್ಸಿದ್ರು. ಅಲ್ಲಿ ನಮ್ಮೋರು ಮಾತ್ರ ಅಲ್ಲ. ಬಸ್ಸಿನೋರು ಒಂದು ಗುಂಪು ಬಂದಿದ್ರು. ಅಕ್ಕಿ ಮಿಲ್ನೋರು ಒಂದು ಗುಂಪು. ಎಂಡದ ಗುತ್ಗೆಯೋರು ಒಂದು ಗುಂಪು. ಎಲ್ರ ಕೈಲೂ ಊವಿನ ಆರ, ಎಲ್ರ ಬೆನ್ನಿಂದೆ ನನ್ನಂಗೆ ಮೂಟೆ ಒತ್ತೋನು. ಒಂದು ಗುಂಪು ಒಳೀಕೋಯ್ತು, ನಗ್ತಾ ಈಚೀಗೆ ಬತ್ತು. ಇನ್ನೊಂದು ಓಯ್ತು, ನಗ್ತಾ ಬತ್ತು. ಎಲ್ರಿಗೂ ಒಂದೊಂದು ಸಂಗ ಅದಂತೆ."

"ನಮ್ಗೆ?"

ಮಾದಣ್ಣ ಅವಳ ಮುಖ ನೋಡಿದ. "ನಮ್ಗ್ಯಾವ ಸಂಗಲಮ್ಮಿ? ನಾನು ಮೂಟೆ ಒತ್ಕಂಡು ಓಗಿದ್ನಲ್ಲ, ಅದೇಯಾ."

ವಿಚಾರಣೆಯ ಹಿಂದಿನ ದಿನ ವೃಷಭೇಂದ್ರಪ್ಪ ಹೆಂಗಸರನ್ನು ಹಿತ್ತಿಲಿಗೆ ಕರೆಸಿದರು. ಸಣ್ಣತಾಯಮ್ಮನನ್ನೂ ಚಿಕ್ಕಮಾದಮ್ಮನನ್ನೂ ಮುಂದೆ ನಿಲ್ಲಿಸಿದರು. ಮಾತು ಬರುವವರು ಬೇಕಿತ್ತು. ಸಣ್ಣತಾಯಮ್ಮನಿಗೆ ಮಾತು ಬರುತ್ತಿತ್ತು.

"ನಾಳೆ ಸಾಹೇಬರು ಕೇಳ್ತಾರೆ. ನೀರು ಬಿಸಿ ಇರ್ತದಾ ಅಂತ. ಏನಂತೀಯ?"

ಅವಳು ಬಾಯಿ ತೆರೆಯುವ ಮೊದಲೇ ಅವರೇ ಹೇಳಿಕೊಟ್ಟರು.

"ಉಗುರುಬೆಚ್ಚಗಿರ್ತದೆ ಬುದ್ದಿ ಅಂತೀಯ. ಅಭ್ಯಾಸ ಆಗ್ಯದೆ ಅಂತೀಯ. ಎರಡು ಬಾಣಲೆ ಇಟ್ಟರೆ ನಮಗೆ ಬಿಚ್ಚೋಕೆ ಬರಲ್ಲ ಅಂತೀಯ. ಕೈ ಸೆರಗಿನೊಳಗಿರ್ಲಿ. ಈಚೆ ತೆಗೀಬೇಡ. ಗೊತ್ತಾಯ್ತಾ?"

"ಊ ಬುದ್ದಿ."

"ನಿಮ್ಮ ಗುಡಿಸಲು ಯಾರ ಜಾಗದಲ್ಲಿ ಅದೆ ಅನ್ನೋದು ನಾನು ಹೇಳಬೇಕಾಗಿಲ್ಲ. ನಿಮಗೇ ಗೊತ್ತು."

ಹೊಸ ಸೀರೆ ಕೊಟ್ಟರು. ಬಡಿಸುವವನು ಮೇಲಿಂದ ಎಲೆಗೆ ಹಾಕುವ ಹಾಗೆ, ಮುಟ್ಟದೆ, ಎರಡು ಸೀರೆಯನ್ನು ಅವರ ಮುಂದೆ ನೆಲಕ್ಕೆ ಹಾಕಿದರು.

ವಿಚಾರಣೆ ನಡೆದ ಚಾಮರಾಜನಗರದ ಪ್ರವಾಸಿ ಬಂಗಲೆಯ ಅಂಗಳದಲ್ಲಿ ಬಿಸಿಲು. ಹೆಂಗಸರು ಬಿಸಿಲಿಗೆ ಕೂತರು. ಸಂಘದವರು ಒಳಗೆ ಸಮಿತಿಯ ಸಾಹೇಬರ ಎದುರು ಕುರ್ಚಿಯ ಮೇಲೆ ಕೂತರು. ಕಿಟಕಿ ತೆರೆದಿತ್ತು. ಕಾಫಿಯ ವಾಸನೆ ಬರುತ್ತಿತ್ತು, ಮಾತೂ ಕೇಳುತ್ತಿತ್ತು.

ಎರಡು ಬಾಣಲೆ ಅಂದರೆ ಸೌದೆ ಎರಡರಷ್ಟು ಬೇಕು ಸ್ವಾಮಿ. ಜಪಾನಿನ ನೂಲು ಬಂದು ನಮ್ಮನ್ನು ತಿನ್ನುತ್ತಾ ಇದೆ ಸ್ವಾಮಿ. ಇದು ಕಾರ್ಖಾನೆ ಅಲ್ಲ, ಮನೆ ಕಸುಬು. ಇವರೆಲ್ಲ ಕೂಲಿಗಳಲ್ಲ, ನಮ್ಮ ಮನೆ ಮಕ್ಕಳಿದ್ದ ಹಾಗೆ. ಈ ಕಾನೂನು ಬಂದರೆ ನಾವು ಬಾಗಿಲು ಹಾಕಬೇಕು, ಈ ಬಡವರು ಮಣ್ಣು ತಿನ್ನಬೇಕು.

ಮನೆ ಮಕ್ಕಳು ಅನ್ನುವ ಮಾತು ಬಂದಾಗ ಚಿಕ್ಕಮಾದಮ್ಮ ಪಕ್ಕಕ್ಕೆ ತಿರುಗಿ ಉಗಿದಳು.

ಹೊತ್ತು ಇಳಿಯುವತನಕ ಅವರನ್ನು ಕರೆಯಲಿಲ್ಲ. ಸಾಹೇಬರು ಎದ್ದು ಕೋಟು ಹಾಕಿಕೊಳ್ಳುತ್ತಿದ್ದರು. ಗುರುಪಾದಸ್ವಾಮಿ ಬಾಗಿಲಿಗೆ ಓಡಿ ಬಂದು, "ಕೆಲಸದವರು ಇದ್ದಾರೆ ಸರ್, ಕೇಳಲೇ ಇಲ್ಲ" ಅಂದ. ದೊಡ್ಡ ಸಾಹೇಬರು ಗಡಿಯಾರ ನೋಡಿಕೊಂಡು, "ಒಬ್ಬರನ್ನು ಕರೆಯಿರಿ" ಅಂದರು.

ಸಣ್ಣತಾಯಮ್ಮ ಹೊಸ್ತಿಲ ಈಚೆ ನಿಂತಳು. ಒಳಗೆ ಹೋಗಲಿಲ್ಲ. ಹೋಗು ಅಂತ ಯಾರೂ ಹೇಳಲೂ ಇಲ್ಲ. ವೃಷಭೇಂದ್ರಪ್ಪ ಸಾಹೇಬರ ಕುರ್ಚಿಯ ಹಿಂದೆ ನಿಂತಿದ್ದರು.

"ನೀರು ಬಿಸಿ ಇರುತ್ತೇನಮ್ಮಾ?"

ವೃಷಭೇಂದ್ರಪ್ಪನವರ ಕಣ್ಣು ಅವಳ ಮೇಲಿತ್ತು. ಅವಳ ಬಾಯಲ್ಲಿ ಉಗುರುಬೆಚ್ಚಗೆ ಅನ್ನುವ ಮಾತು ಸಿದ್ಧವಾಗಿತ್ತು. ಬೆಳಿಗ್ಗೆಯಿಂದ ಅದನ್ನೇ ಹೇಳಿಕೊಂಡಿದ್ದಳು. ಅಷ್ಟರಲ್ಲಿ ಮೇಜಿನ ಮೇಲೆ ಬಿಟ್ಟಿದ್ದ ತಿಂಡಿಯ ತಟ್ಟೆಗಳು ಕಂಡವು. ತಿಂದು ಬಿಟ್ಟ ತಟ್ಟೆಗಳು. ಅವರೆಲ್ಲ ಕೈಯಲ್ಲಿ ತಿಂದಿದ್ದರು.

"ಈ ಕೈಲಿ ಉಣ್ಣಕ್ಕಾಗಲ್ಲ ಬುದ್ದಿ" ಅಂದಳು.

"ಏನು?"

"ಉಣ್ಣಕ್ಕಾಗಲ್ಲ. ಬಾಯಾಕಿ ಉಣ್ತೀನಿ. ನಾಯಿ ಉಂಡಂಗೆ. ನಾನೊಬ್ಳೇ ಅಲ್ಲ, ನಾವೆಲ್ಲ ಇಂಗೇ ಉಣ್ಣಾದು."

ಸೆರಗಿನಿಂದ ಕೈ ತೆಗೆದಳು. ಒಬ್ಬ ಸಾಹೇಬ ಮುಖ ತಿರುಗಿಸಿದ. ಇನ್ನೊಬ್ಬ ಏನೋ ಬರೆದುಕೊಂಡ. ವೃಷಭೇಂದ್ರಪ್ಪ ಬಗ್ಗಿ ದೊಡ್ಡ ಸಾಹೇಬರ ಕಿವಿಯಲ್ಲಿ ಇಂಗ್ಲಿಷಿನಲ್ಲಿ ಏನೋ ಹೇಳಿದರು. ದೊಡ್ಡ ಸಾಹೇಬರು ತಲೆಯಾಡಿಸಿದರು.

ವಾಪಸು ಬರುವಾಗ ವೃಷಭೇಂದ್ರಪ್ಪ ಬೈಯಲಿಲ್ಲ. ಹೊಡೆಸಲಿಲ್ಲ. ಗುಡಿಸಲ ಮಾತೂ ಎತ್ತಲಿಲ್ಲ. ಸೀರೆಯನ್ನು ಸಹ ವಾಪಸು ಕೇಳಲಿಲ್ಲ. ಕೇರಿಯಲ್ಲಿ ಎಲ್ಲರಿಗೂ ಖುಷಿಯಾಗಿತ್ತು. ಸಣ್ಣತಾಯಮ್ಮನಿಗೆ ಮಾತ್ರ ನಿದ್ದೆ ಹತ್ತಲಿಲ್ಲ. "ಅವ್ರು ಯಾಕೆ ಸುಮ್ಕಿದ್ದರು?" ಅಂತ ಮಾದಣ್ಣನನ್ನು ಕೇಳಿದಳು. ಅವನಿಗೂ ಗೊತ್ತಿರಲಿಲ್ಲ.

ಮಾಗಿ ಕಳೆದು ಬೇಸಿಗೆ ಹಿಡಿದ ಮೇಲೆ ಗೊತ್ತಾಯಿತು.

ಅದಕ್ಕೆ ಮೊದಲು ಗುರುಪಾದಸ್ವಾಮಿಗೆ ವರ್ಗವಾಯಿತು. ಬೀದರಿನ ಕಡೆಗೋ ಎಲ್ಲಿಗೋ. ಹೋಗುವ ಮುಂಚೆ ಕೇರಿಯ ತನಕ ಬಂದ. ಸೈಕಲ್ಲಿನಿಂದ ಇಳಿಯಲಿಲ್ಲ. "ತಪ್ಪು ತಿಳೀಬೇಡಿಯಮ್ಮಾ" ಅಂತ ಮಾತ್ರ ಹೇಳಿ ಹೋದ. ಯಾವುದನ್ನು ತಪ್ಪು ತಿಳಿಯಬಾರದು ಅಂತ ಹೇಳಲಿಲ್ಲ.

ಆಮೇಲೆ ಹುಕುಂ ಬಂತು. ವೃಷಭೇಂದ್ರಪ್ಪ ತಾವೇ ನೂಲುಮನೆಗೆ ಬಂದು ಬಾಗಿಲಲ್ಲಿ ನಿಂತು ಓದಿ ಹೇಳಿದರು. ಎರಡನೇ ಬಾಣಲೆ, ಸೌಟು, ಕಿಟಕಿ, ಹೊಗೆಗೂಡು ಇವನ್ನೆಲ್ಲ ಅನುಕೂಲವಿದ್ದ ಮಾಲೀಕರು ಇಟ್ಟುಕೊಳ್ಳಬಹುದು. ಆದರೆ ಕೈಯಲ್ಲಿ ಹುಣ್ಣು, ಗಾಯ, ಚರ್ಮರೋಗ ಇರುವ ಯಾರನ್ನೂ ನೂಲು ಬಿಚ್ಚುವ ಕೆಲಸಕ್ಕೆ ಇಟ್ಟುಕೊಳ್ಳಕೂಡದು. ಆಸ್ಪತ್ರೆಯ ಕಾಂಪೌಂಡರು ಬಂದು ಕೈ ನೋಡಿ ಹೇಳಬೇಕು.

ಹೆಂಗಸರಿಗೆ ಒಂದು ಗಳಿಗೆ ಅರ್ಥವಾಗಲಿಲ್ಲ.

ವೃಷಭೇಂದ್ರಪ್ಪ ಸಣ್ಣತಾಯಮ್ಮನ ಕಡೆ ನೋಡಿ ನಕ್ಕರು. ಸಿಟ್ಟಿನ ನಗುವಲ್ಲ. "ನೀನೇ ಹೇಳ್ದಲ್ಲಮ್ಮಿ, ಕೈ ಕೆಟ್ಟೋಗ್ಯದೆ ಅಂತ. ಸರ್ಕಾರ ನಿನ್ನ ಮಾತು ಕೇಳ್ತು. ಕೆಟ್ಟ ಕೈಯವರನ್ನ ದುಡಿಸಬಾರದಂತೆ. ಏಳ್ರಮ್ಮಿ ಎಲ್ರೂ."

ಕೈ ಕೆಡದವಳು ಅಲ್ಲಿ ಯಾರಿದ್ದಳು? ಎಲ್ಲರೂ ಎದ್ದರು. ಮಾರನೆಯ ದಿನ ಗುಂಡ್ಲುಪೇಟೆ ಕಡೆಯ ಹಳ್ಳಿಗಳಿಂದ ಎತ್ತಿನ ಗಾಡಿಯಲ್ಲಿ ಹೊಸ ಹೆಂಗಸರು ಬಂದರು. ಕಾಂಪೌಂಡರು ಅವರ ಕೈ ನೋಡಿದ. ಒಳ್ಳೆಯ ಕೈಗಳು. ಕಳೆ ಕೀಳುವ, ಸಗಣಿ ತಟ್ಟುವ, ಗಟ್ಟಿ ಕೈಗಳು. ಅವರು ಒಳಗೆ ಹೋದರು.

ಕೇರಿಯಲ್ಲಿ ಹೆಂಗಸರು ಸಣ್ಣತಾಯಮ್ಮನ ಜೊತೆ ಮಾತು ಬಿಟ್ಟರು. ನೀರಿಗೆ ಹೋದರೆ ಬೆನ್ನು ತಿರುಗಿಸಿದರು. "ದೊಡ್ಡದಾಗಿ ಮಾತಾಡಕ್ಕೋದ್ಲು" ಅಂತ ಅವಳಿಗೆ ಕೇಳುವ ಹಾಗೆ ಅಂದರು. ಚಿಕ್ಕಮಾದಮ್ಮ ಒಬ್ಬಳೇ ಬಂದು ಪಕ್ಕ ಕೂತಳು.

ಗುಂಡ್ಲುಪೇಟೆಯ ಆಚೆ ಊಟಿ ರಸ್ತೆಗೆ ಮಣ್ಣು ಹೊರುವ ಕೆಲಸ ನಡೆಯುತ್ತಿತ್ತು. ಬೇರೆ ದಾರಿಯಿಲ್ಲದೆ ಹೆಂಗಸರೆಲ್ಲ ಅಲ್ಲಿಗೆ ಹೋದರು. ರಸ್ತೆಯ ಪಕ್ಕ ಸೋಗೆಯ ಜೋಪಡಿ. ಬೆಳಗಾದರೆ ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಮಣ್ಣಿನ ಮಂಕರಿ. ಕತ್ತು ಒಳಕ್ಕಿಳಿದುಹೋದಂತಾಗುತ್ತಿತ್ತು. ಲಾರಿಗಳು ಧೂಳೆಬ್ಬಿಸಿಕೊಂಡು ಹೋಗುತ್ತಿದ್ದವು. ನೀರು ಮುಟ್ಟುವ ಕೆಲಸ ಇರಲಿಲ್ಲ. ತಲೆ ಹೊರುತ್ತಿತ್ತು, ಕೈ ಸುಮ್ಮನೆ ಮಂಕರಿಯ ಅಂಚು ಹಿಡಿದಿರುತ್ತಿತ್ತು.

ಬಿಸಿಲಿಗೆ, ಒಣ ಮಣ್ಣಿಗೆ, ಬೆರಳ ಸಂದಿ ಮೆಲ್ಲಗೆ ಒಣಗಿತು. ಹಕ್ಕಳೆ ಕಟ್ಟಿತು. ಹಕ್ಕಳೆ ಉದುರಿತು. ಒಳಗಿಂದ ತೆಳ್ಳನೆಯ ಎಳೆ ಚರ್ಮ ಕಂಡಿತು.

ಒಂದು ಸಂಜೆ ಜೋಪಡಿಯ ಮುಂದೆ ಚಿಕ್ಕಮಾದಮ್ಮ ಹಿಟ್ಟು ಮಾಡಿ ಉಂಡೆ ಕಟ್ಟಿದಳು. ಹುರುಳಿ ಸಾರು. ಸಣ್ಣತಾಯಮ್ಮ ತಟ್ಟೆ ಎಳೆದುಕೊಂಡು, ರೂಢಿಯಂತೆ ಬಗ್ಗಲು ಹೋದವಳು ನಿಂತಳು. ಬೆರಳಿನಲ್ಲಿ ಹಿಟ್ಟು ಮುರಿದಳು. ಸಾರಿಗೆ ಅದ್ದಿದಳು. ಉರಿಯಲಿಲ್ಲ. ಬಾಯಿಗಿಟ್ಟುಕೊಂಡಳು. ಮತ್ತೆ ಮುರಿದಳು. ಹಿಟ್ಟಿನ ಬಿಸಿ, ನುಣುಪು, ಬೆರಳಿಗೆ ಅಂಟುವ ಜಿಗುಟು ಎಲ್ಲ ತಿಳಿಯುತ್ತಿತ್ತು. ಮುಗಿದ ಮೇಲೂ ತಟ್ಟೆಯನ್ನು ಬೆರಳಿನಿಂದ ಬಳಿಯುತ್ತಲೇ ಇದ್ದಳು. ಸುತ್ತ ಹೆಂಗಸರು ಅವಳನ್ನು ನೋಡಿದರು. ಆಮೇಲೆ ತಮ್ಮ ತಮ್ಮ ಕೈ ನೋಡಿಕೊಂಡರು. ಆ ಸಂಜೆಯಿಂದ ಮತ್ತೆ ಅವಳ ಜೊತೆ ಮಾತಾಡತೊಡಗಿದರು.

ಮುಂಗಾರು ಹಿಡಿದು ರಸ್ತೆ ಕೆಲಸ ನಿಂತಿತು. ಬದನಗುಪ್ಪೆಗೆ ವಾಪಸು ಬಂದರು. ಮನೆಯಲ್ಲಿ ಹಿಟ್ಟು ಮುಗಿದಿತ್ತು. ಮಕ್ಕಳು ಗೆಣಸಿನ ಹೊಲಗಳಲ್ಲಿ ಬಿಟ್ಟ ಗೆಡ್ಡೆ ಹುಡುಕುತ್ತಿದ್ದವು. ಅಷ್ಟರಲ್ಲಿ ಮಾದಣ್ಣ ಬಂದು, ತಲೆ ತಗ್ಗಿಸಿಕೊಂಡು ಹೇಳಿದ:

"ಬುದ್ದಿಯೋರು ಏಳಿ ಕಳ್ಸವ್ರೆ. ನಾಳೀಕೆ ಕಾಂಪೋಂಡ್ರು ಬತ್ತನಂತೆ. ನಿಮ್ದು ಕೈ ವಾಸಿ ಆಗ್ಯದಂತಲ್ಲ, ಬರಬೇಕಂತೆ."

"ಅಲ್ಲಿರೋರು?"

"ಅವ್ರ ಕೈ ಕೆಟ್ಟೋದೊ."

ಸಣ್ಣತಾಯಮ್ಮ ಎರಡೂ ಕೈಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ವೃಷಭೇಂದ್ರಪ್ಪ ಅಂದು ಯಾಕೆ ಬೈಯಲಿಲ್ಲ, ಯಾಕೆ ನಕ್ಕರು ಎಲ್ಲ ಈಗ ಬಿಡಿಸಿದ ಹಾಗೆ ಕಂಡಿತು.

"ಬೀಳು ಬುಟ್ಟವ್ನೆ" ಅಂದಳು.

"ಏನು?"

"ನಮ್ ಕೈಯ. ಒಲ ಬೀಳು ಬುಡ್ತಾರಲ್ಲ, ಅಂಗೆ ಬುಟ್ಟಿದ್ದ. ಈಗ ಅವರ್ದು ಬುಡ್ತನೆ, ನಮ್ದ ಉಳ್ತನೆ. ಮುಂದ್ಲ ಸಲ ಅವರ್ದು. ನಾನು ಬಾಯಿ ಬುಟ್ಟು ಏಳಿದ್ದು ಅವ್ನಿಗೆ ಇದುಕ್ಕಾಯ್ತು."

ಬರದಿದ್ದರೆ ಗುಡಿಸಲು ಕೀಳಿಸುತ್ತೇನೆ ಅಂತ ವೃಷಭೇಂದ್ರಪ್ಪ ಹೇಳಿದ್ದರು. ಅದನ್ನು ಮಾದಣ್ಣ ಅವಳಿಗೆ ಹೇಳಲಿಲ್ಲ. ಅವಳಿಗೆ ಗೊತ್ತಿತ್ತು.

ಬೆಳಿಗ್ಗೆ ಹೆಂಗಸರು ನೂಲುಮನೆಯ ಮುಂದೆ ಸಾಲು ನಿಂತರು. ಕಾಂಪೌಂಡರು ಕುರ್ಚಿಯ ಮೇಲೆ ಕೂತಿದ್ದ. ಕೈಯಲ್ಲಿ ಬೆತ್ತ. ಅವರು ಕೈ ಚಾಚಬೇಕು. ಅವನು ಬೆತ್ತದ ತುದಿಯಿಂದ ಕೈ ತಿರುಗಿಸಿ, ಬೆರಳು ಅಗಲಿಸಿ ನೋಡುತ್ತಿದ್ದ. ದನದ ಬಾಯಿ ತೆರೆದು ಹಲ್ಲು ನೋಡುವವರಾದರೂ ಕೈಯಿಂದ ಮುಟ್ಟುತ್ತಾರೆ. ಸಣ್ಣತಾಯಮ್ಮನ ಎಳೆ ಚರ್ಮದ ಮೇಲೆ ಬೆತ್ತ ಗೀರಿತು. "ಪಾಸು" ಅಂದ ಅವನು.

ಗುಂಡ್ಲುಪೇಟೆ ಕಡೆಯ ಹೆಂಗಸರು ಆಗ ಹೊರಗೆ ಬರುತ್ತಿದ್ದರು. ಕೈಗಳನ್ನು ಮೈಗೆ ತಾಗದ ಹಾಗೆ ದೂರ ಹಿಡಿದುಕೊಂಡಿದ್ದರು. ಒಬ್ಬಳು ಸಣ್ಣವಳು ಸಣ್ಣತಾಯಮ್ಮನ ಎದುರು ನಿಂತಳು.

"ಅಕ್ಕ, ಇದು ವಾಸಿ ಆಯ್ತದಾ?"

"ಆಯ್ತದೆ" ಅಂದಳು ಸಣ್ಣತಾಯಮ್ಮ. ವಾಸಿಯಾದರೆ ಈ ಹುಡುಗಿಯನ್ನು ಮತ್ತೆ ಕರೆತರುತ್ತಾರೆ.

ಒಳಗೆ ಒಲೆಗಳು ಉರಿಯುತ್ತಿದ್ದವು. ಬಾಣಲೆಗಳು ಕುದಿಯುತ್ತಿದ್ದವು. ಗೂಡುಗಳು ನೀರಿನಲ್ಲಿ ಕುಣಿಯುತ್ತಿದ್ದವು. ಹೆಂಗಸರು ತಮ್ಮ ತಮ್ಮ ಹಳೆಯ ಜಾಗಗಳಲ್ಲಿ ಕೂತರು. ವೃಷಭೇಂದ್ರಪ್ಪ ಮೂಗಿಗೆ ವಸ್ತ್ರ ಹಿಡಿದು ಬಾಗಿಲಲ್ಲಿ ನಿಂತರು.

"ಶುರು ಮಾಡ್ರಮ್ಮಿ. ಗೂಡು ಬೆಂದದೆ."

ಸಣ್ಣತಾಯಮ್ಮ ಕೈಯನ್ನು ಮಡಿಲಲ್ಲಿಟ್ಟುಕೊಂಡಿದ್ದಳು.

"ಸೌಟು ಕೊಡಿ ಬುದ್ದಿ."

"ಏನು?"

"ಸೌಟು. ತೂತಿನ ಸೌಟು. ಇನ್ನೊಂದು ಬಾಣ್ಲೆ."

"ಹುಕುಂ ಓದಿ ಹೇಳಲಿಲ್ವಾ? ಅನುಕೂಲ ಇದ್ದವರು ಇಡಬಹುದು ಅಂತ ಅದೆ. ನನಗೆ ಅನುಕೂಲ ಇಲ್ಲ."

"ಅಂಗಾದ್ರೆ ನನ್ ಕೈಗೂ ಅನ್ಕೂಲ ಇಲ್ಲ ಬುದ್ದಿ."

ಚರಕದ ಸದ್ದು ನಿಂತಿತು. ಚಿಕ್ಕಮಾದಮ್ಮ ಬಾಣಲೆಯ ಮೇಲೆ ಚಾಚಿದ್ದ ಕೈಯನ್ನು ಹಾಗೇ ತಡೆದು, ಸೆರಗಿನಲ್ಲಿ ಒರೆಸಿ, ಮಡಿಲಲ್ಲಿಟ್ಟುಕೊಂಡಳು. ಅವಳ ಪಕ್ಕದವಳು ಅವಳನ್ನು ನೋಡಿದಳು. ಅವಳೂ ಇಟ್ಟುಕೊಂಡಳು.

"ಕೈ ಹಾಕು" ಅಂದರು ವೃಷಭೇಂದ್ರಪ್ಪ. ಮೊದಲ ಸಲ ಅವರ ದನಿ ಏರಿತು.

"ಇಕ್ಕಲ್ಲ."

"ಗೂಡು ಕರಗಿ ಹೋಗ್ತದೆ ಕಣೇ! ಕೈ ಹಾಕು!"

"ಇಕ್ಕಲ್ಲ ಬುದ್ದಿ. ಇದು ಉಣ್ಣಾ ಕೈ."

"ಸಂಜೆಗೆ ನಿಮ್ಮ ಗುಡಿಸಲು ಒಂದೂ ಇರಲ್ಲ."

ಇರುವುದಿಲ್ಲ ಅನ್ನುವುದು ಅವರಿಗೂ ಗೊತ್ತಿತ್ತು. ಒಬ್ಬಳು ಅಳುತ್ತಿದ್ದಳು. ಅಳುತ್ತಲೇ ಕೂತಿದ್ದಳು. ಕೈ ಮಾತ್ರ ಮಡಿಲಲ್ಲೇ ಇತ್ತು.

ವೃಷಭೇಂದ್ರಪ್ಪ ಹೊರಗೆ ಹೋದರು. ಮಾದಣ್ಣ ಸೌದೆ ಒಡೆಯುತ್ತಿದ್ದ. "ಬಾಗಿಲು ಹಾಕಿ ಅಗುಳಿ ಇಕ್ಕಲಾ. ನೂಲು ಬಿಚ್ಚೋ ಗಂಟ ತೆಗೀಬೇಡ. ಹೊಗೆ ಕುಡಿದ್ರೆ ತಾನಾಗಿ ದಾರಿಗೆ ಬತ್ತಾರೆ" ಅಂದರು.

ಮಾದಣ್ಣ ಕೊಡಲಿ ಹಿಡಿದು ನಿಂತ.

"ಕೇಳಿಸ್ತಾ?"

ಮಾದಣ್ಣ ಕೊಡಲಿ ಕೆಳಗಿಟ್ಟ. ಬಾಗಿಲ ಹತ್ತಿರ ಬಂದ. ಒಳಗೆ ಹೆಂಡತಿಯ ಮುಖ ಕಂಡಿತು. ಅವಳೂ ನೋಡಿದಳು. ಅವನು ಬಾಗಿಲು ಎಳೆದುಕೊಂಡ. ಅಗುಳಿ ಹಾಕಿದ ಸದ್ದು ಒಳಗೆ ಕೇಳಿಸಿತು.

ಬೆಳಕು ಹೋಯಿತು. ಬರೀ ಒಲೆಯ ಕೆಂಪು. ಹೊಗೆ ಸೂರಿಗೆ ತಾಗಿ ಕೆಳಗಿಳಿಯತೊಡಗಿತು. ಕಣ್ಣು ಉರಿಯಿತು. ಚಿಕ್ಕಮಾದಮ್ಮನಿಗೆ ಕೆಮ್ಮು ಹತ್ತಿತು, ನಿಲ್ಲಲಿಲ್ಲ. ಯಾರೋ ಬಾಗಿಲು ಬಡಿಯಲು ಎದ್ದರು.

"ಬಡೀಬ್ಯಾಡಿ" ಅಂದಳು ಸಣ್ಣತಾಯಮ್ಮ. "ಬಡುದ್ರೆ ಬಾಗ್ಲು ತಗೀತನೆ, ಕೈ ಇಕ್ಕು ಅಂತನೆ."

ಅವಳು ತಡಕಾಡಿಕೊಂಡು ಮೂಲೆಗೆ ಹೋದಳು. ಅಲ್ಲಿ ಬಾಣಲೆಗೆ ತುಂಬುವ ತಣ್ಣೀರಿನ ಹಂಡೆ ಇತ್ತು. ಬಿಂದಿಗೆ ಅದ್ದಿ ತುಂಬಿಕೊಂಡು ಬಂದು ತನ್ನ ಒಲೆಯ ಬಾಯಿಗೆ ಸುರಿದಳು. ಒಲೆ ಚೀರಿತು. ಬೂದಿ ಮುಖಕ್ಕೆ ಹಾರಿತು. ಕೆಂಪು ಹೋಯಿತು. ಇನ್ನೊಂದು ಬಿಂದಿಗೆ ತಂದಳು. ಈ ಸಲ ಇನ್ನೊಬ್ಬಳು ಬಂದು ಬಿಂದಿಗೆಯ ತಳ ಹಿಡಿದುಕೊಂಡಳು. ಒಂದೊಂದಾಗಿ ಒಲೆಗಳು ಚೀರಿದವು, ಆರಿದವು.

"ಇಲ್ಲೊಂದ್ ಅದೆ ಕಣಮ್ಮಿ" ಅಂತ ಕೆಮ್ಮಿನ ನಡುವೆ ಚಿಕ್ಕಮಾದಮ್ಮ ಅಂದಳು. ಅದನ್ನೂ ಆರಿಸಿದರು.

ಕತ್ತಲಾಯಿತು. ಕುದಿಯುವ ಸದ್ದು ನಿಧಾನವಾಗಿ ಇಳಿದು ನಿಂತಿತು. ಬೆಂದ ಹುಳುವಿನ ನಾತ, ಒದ್ದೆ ಬೂದಿಯ ನಾತ. ಹೆಂಗಸರು ಒಬ್ಬರ ಭುಜಕ್ಕೊಬ್ಬರು ಒರಗಿ ನೆಲಕ್ಕೆ ಕೂತರು. ನೆಲದ ಹತ್ತಿರ ಸ್ವಲ್ಪ ಉಸಿರಾಡಬಹುದಿತ್ತು.

ಹೊರಗೆ ವೃಷಭೇಂದ್ರಪ್ಪ ಕಿವಿಗೊಟ್ಟರು. "ಏನ್ಲಾ ಅದು ಸದ್ದು? ಚರಕ ತಿರುಗ್ತಾ ಇಲ್ವಲ್ಲ. ಕೇಳಲಾ, ಏನ್ ಮಾಡ್ತಾ ಅವ್ರೆ ಅಂತ."

ಮಾದಣ್ಣ ಬಾಗಿಲಿಗೆ ಬಾಯಿ ಹಚ್ಚಿದ. ಬಾಗಿಲ ಸಂದಿಯಿಂದ ಬಿಸಿ ಹಬೆ ಅವನ ಮುಖಕ್ಕೆ ಬಡಿಯಿತು.

"ಸಣ್ಣತಾಯೀ... ಏನ್ ಮಾಡ್ತಿದ್ದಿಯಮ್ಮಿ?"

ಅವಳ ದನಿ ಬಂತು. ಬಾಗಿಲಿಗೆ ತೀರ ಹತ್ತಿರದಿಂದ.

"ಕೂತಿದ್ದೀವಿ ಅಂತ ಏಳು."

ಮಾದಣ್ಣ ತಿರುಗಿ ನೋಡಲಿಲ್ಲ. "ಕೂತವ್ರಂತೆ ಬುದ್ದಿ" ಅಂದ. ಅವನ ಕೈ ಅಗುಳಿಯ ಮೇಲಿತ್ತು.